ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಆಗಲ್ಲ: ಹಳೇ ಸ್ಪೋರ್ಟ್ಸ್ ಕಾರಿನ ತೊಂದರೆ ಹುಡುಕುವ ದಾರಿ

ಮೈಸೂರಿನಿಂದ ಬೆಳಗ್ಗೆ ಹೊರಟು, ಹೆದ್ದಾರಿಯಲ್ಲಿ ಗಾಡಿ ಓಡಿಸಿಕೊಂಡು ಮದ್ದೂರು ತಲುಪುವ ಹೊತ್ತಿಗೆ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಸರ್ವಿಸ್ ರಸ್ತೆಗೆ ಇಳಿದು, ಗಾಡಿ ನಿಲ್ಲಿಸಿ, ಒಂದು ವಡೆ ಒಂದು ಕಾಫಿ. ಹದಿನೈದು ನಿಮಿಷ. ವಾಪಸ್ ಬಂದು ಕೀ ತಿರುಗಿಸಿದರೆ ಒಂದೇ ಒಂದು 'ಟಕ್'. ಇನ್ನೊಮ್ಮೆ ತಿರುಗಿಸಿದರೂ ಅದೇ 'ಟಕ್'. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಚೆನ್ನಾಗೇ ಉರಿಯುತ್ತಿವೆ, ಹಾರ್ನ್ ಜೋರಾಗೇ ಕೂಗುತ್ತದೆ. ಅರ್ಧ ಗಂಟೆ ಕಾದು ಮತ್ತೆ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್.

ನನ್ನ 1996ರ ಎರಡು ಬಾಗಿಲಿನ ಪೆಟ್ರೋಲ್ ಕಾರು ಒಂದೂವರೆ ವರ್ಷ ಹೀಗೆ ಕಾಡಿತು. ಗ್ಯಾರೇಜಿಗೆ ಒಯ್ದಾಗಲೆಲ್ಲ ಮೊದಲ ಕೀಗೇ ಸ್ಟಾರ್ಟ್ ಆಗುತ್ತಿತ್ತು. ಒಬ್ಬರು ಬ್ಯಾಟರಿ ಬದಲಿಸಿದರು. ಇನ್ನೊಬ್ಬರು ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಬಿಚ್ಚಿ ಹೊಸ ಕಾರ್ಬನ್ ಬ್ರಷ್ ಹಾಕಿದರು. ಪ್ಲಗ್ಗುಗಳೂ ಹೊಸವಾದವು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಗಾಡಿ ಸರಿಯಾಗಿರುವಾಗ ಅದರೊಳಗಿನ ತಪ್ಪನ್ನು ಯಾರು ತಾನೇ ಕಂಡುಹಿಡಿಯಲು ಸಾಧ್ಯ?

ಒಮ್ಮೊಮ್ಮೆ ಬಂದು ಹೋಗುವ ತೊಂದರೆ ಇರುವುದು ಅದು ಬಂದಿರುವ ಆ ಐದು ಹತ್ತು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಗಾಡಿ ಪಕ್ಕ ಇರುವವರು ನೀವೇ. ಆದ್ದರಿಂದ ಅಳತೆಯನ್ನೂ ನೀವೇ ತೆಗೆದುಕೊಳ್ಳಬೇಕು. ರಿಪೇರಿಯನ್ನು ಯಾರು ಬೇಕಾದರೂ ಮಾಡಲಿ.

ಡಿಕ್ಕಿಯಲ್ಲಿ ಇರಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ದುಬಾರಿಯದು ಬೇಕಿಲ್ಲ, ಮೀಟರಿನೊಳಗಿನ ಬ್ಯಾಟರಿ ಹೊಸದಾಗಿದ್ದರೆ ಸಾಕು. ಅದರ ಜೊತೆ ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್, 10 ಎಂಎಂ ಸ್ಪ್ಯಾನರ್, ಒಂದು ಹಳೇ ಒಳ್ಳೆಯ ಸ್ಪಾರ್ಕ್ ಪ್ಲಗ್, ಮೊಸಳೆ ಕ್ಲಿಪ್ ಹಾಕಿದ ಒಂದೆರಡು ಮೀಟರ್ ವೈರು, ಒಂದು ಬಾಟಲ್ ನೀರು, ಒಂದು ಬಟ್ಟೆ, ಟಾರ್ಚು. ಸಾಧ್ಯವಿದ್ದರೆ ದಪ್ಪನೆಯ ಜಂಪರ್ ಕೇಬಲ್ ಜೋಡಿ. ಚಿಕ್ಕ ಬೆಂಕಿ ಆರಿಸುವ ಸಿಲಿಂಡರ್ ಒಂದು ಖಂಡಿತ ಇರಲಿ, ಹಳೇ ಪೆಟ್ರೋಲ್ ಗಾಡಿಗೆ ಅದು ಬೇಕೇ ಬೇಕು.

ಇಷ್ಟೇ ಮುಖ್ಯವಾದದ್ದು ಒಂದು ಪುಟ್ಟ ನೋಟ್‌ಬುಕ್ಕು. ಸ್ಟಾರ್ಟ್ ಆಗದೆ ಹೋದ ಪ್ರತಿ ಸಲವೂ ಬರೆಯಿರಿ: ಎಂಜಿನ್ ಬಿಸಿಯಿತ್ತಾ ತಣ್ಣಗಿತ್ತಾ, ನಿಲ್ಲಿಸಿ ಎಷ್ಟು ಹೊತ್ತಾಗಿತ್ತು, ಬಿಸಿಲಿನಲ್ಲಿತ್ತಾ ನೆರಳಿನಲ್ಲಿತ್ತಾ, ಮಳೆ ಬಂದಿತ್ತಾ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಏನು ಶಬ್ದ ಬಂತು, ಮತ್ತೆ ಹೇಗೆ ಸ್ಟಾರ್ಟ್ ಆಯಿತು. ನನ್ನ ಪುಸ್ತಕದಲ್ಲಿ ಏಳನೇ ಸಲ ಬರೆಯುವಾಗ ಗೊತ್ತಾಯಿತು, ಒಂದು ಸಲವೂ ಬೆಳಗ್ಗೆ ಮನೆ ಮುಂದೆ ಹೀಗಾಗಿಲ್ಲ. ಎಲ್ಲವೂ ಓಡಿಸಿ ನಿಲ್ಲಿಸಿದ ಮೇಲೆ, ಹತ್ತರಿಂದ ನಲವತ್ತು ನಿಮಿಷದೊಳಗೆ. ಅಷ್ಟರಲ್ಲೇ ಅರ್ಧ ಉತ್ತರ ಇತ್ತು.

ಯಾಕಂದ್ರೆ ಎಂಜಿನ್ ಆಫ್ ಮಾಡಿದ ತಕ್ಷಣ ಬಾನೆಟ್ ಒಳಗೆ ತಂಪಾಗುವುದಿಲ್ಲ, ಇನ್ನೂ ಕಾಯುತ್ತದೆ. ಗಾಳಿ ನಿಲ್ಲುತ್ತದೆ, ರೇಡಿಯೇಟರ್ ನೀರು ಸುತ್ತುವುದು ನಿಲ್ಲುತ್ತದೆ. ಎಂಜಿನ್ ಮತ್ತು ಎಕ್ಸಾಸ್ಟ್‌ನ ಕಾವೆಲ್ಲ ಸುತ್ತಲಿನ ವೈರು, ಪೈಪು, ಸೆಲ್ಫ್ ಮೋಟರಿಗೆ ಹತ್ತುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಚಿಕ್ಕ ಜಾಗಕ್ಕೆ ದೊಡ್ಡ ಎಂಜಿನ್ ತುರುಕಿರುತ್ತಾರೆ. ಹಾಗಾಗಿ ಈ ಕಾಟ ಅವಕ್ಕೆ ಜಾಸ್ತಿ.

ಮೊದಲ ಪ್ರಶ್ನೆ: ಸೆಲ್ಫ್ ತಿರುಗುತ್ತಿದೆಯಾ?

'ಸ್ಟಾರ್ಟ್ ಆಗ್ತಿಲ್ಲ' ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸೆಲ್ಫ್ ಮೋಟರೇ ತಿರುಗದೆ ಇರುವುದು ಒಂದು. ಸೆಲ್ಫ್ ಜೋರಾಗಿ ತಿರುಗಿದರೂ ಎಂಜಿನ್ ಹಿಡಿಯದೆ ಇರುವುದು ಇನ್ನೊಂದು. ಇವೆರಡರ ದಾರಿ ಬೇರೆ, ಕಾರಣ ಬೇರೆ. ಗ್ಯಾರೇಜಿಗೆ ಫೋನ್ ಮಾಡುವಾಗಲೂ ಇದನ್ನು ಬಿಡಿಸಿ ಹೇಳಿ. ಇದೊಂದು ಮಾತು ಸ್ಪಷ್ಟವಾಗಿದ್ದರೆ ಬೇಡದ ಪಾರ್ಟು ಬದಲಾಯಿಸುವುದು ಎಷ್ಟೋ ತಪ್ಪುತ್ತದೆ.

ಬಾನೆಟ್ ಎತ್ತುವ ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕೈಯಲ್ಲಿರುವ ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ. ಬ್ಯಾಟರಿಯ ಪ್ಲಸ್ ತುದಿ ಮತ್ತು ಬಾಡಿ ನಡುವೆ ಚಿನ್ನದ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಫ್ಯಾನ್ ತಾನಾಗೇ ತಿರುಗಬಹುದು, ಅದರ ಹತ್ತಿರ ಕೈ, ಪಂಚೆ, ದುಪಟ್ಟಾ ಬೇಡ.

ಸೆಲ್ಫ್ ತಿರುಗದೆ ಇದ್ದರೆ

ಶಬ್ದ ಕೇಳಿ. 'ಟಕಟಕಟಕ' ಅಂತ ಬೇಗ ಬೇಗ ಬಂದರೆ, ಒಳಗಿನ ದೀಪ ಮಂಕಾದರೆ, ಬಹುತೇಕ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ಒಂದೇ 'ಟಕ್' ಬಂದು ದೀಪ ಹಾಗೇ ಉರಿದರೆ ಸೊಲಿನಾಯ್ಡ್ (ಸೆಲ್ಫ್ ಮೋಟರಿನ ಮೇಲಿರುವ ದೊಡ್ಡ ಕರೆಂಟಿನ ಸ್ವಿಚ್) ಕಡೆ, ಅದಕ್ಕೆ ಹೋಗುವ ವೈರಿನ ಕಡೆ ನೋಡಬೇಕು. ಏನೂ ಶಬ್ದವೇ ಇಲ್ಲ ಅಂದರೆ ಕೀ ಸ್ವಿಚ್, ಸ್ಟಾರ್ಟರ್ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಕ್ಲಚ್ ಪೆಡಲಿನ ಕೆಳಗಿನ ಸ್ವಿಚ್, ಆಟೋಮ್ಯಾಟಿಕ್ ಆದರೆ ಗೇರಿನ ನ್ಯೂಟ್ರಲ್ ಸ್ವಿಚ್. ಕ್ಲಚ್ ಸ್ವಿಚ್ಚನ್ನು ಕಡೆಗಣಿಸಬೇಡಿ. ಪೆಡಲನ್ನು ಎರಡು ಮೂರು ಸಲ ಪೂರ್ತಿ ಒತ್ತಿ ಬಿಟ್ಟು ನೋಡುವುದಕ್ಕೆ ಕಾಸು ಖರ್ಚಿಲ್ಲ.

ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯಾದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಇಷ್ಟು ಸರಿ ಇದ್ದರೆ ಬ್ಯಾಟರಿಯನ್ನು ಸುಮ್ನೆ ಬಿಟ್ಟುಬಿಡಿ, ಅದರ ತಪ್ಪಲ್ಲ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿ ನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದು, ಒರೆಸಿ, ಎಮರಿ ಪೇಪರಿನಲ್ಲಿ ಸೀಸ ಹೊಳೆಯುವ ತನಕ ಉಜ್ಜಿ. ಪ್ಲಸ್ ಮೊದಲು, ಮೈನಸ್ ಕೊನೆಗೆ ಹಾಕಿ. ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗಬಾರದು.

ವೈರಿನಲ್ಲಿ ಕಳೆದುಹೋಗುವ ವೋಲ್ಟು

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟರ್ ಸುಮಾರು 100ರಿಂದ 200 ಆಂಪಿಯರ್ ಎಳೆಯುತ್ತದೆ. ಎಲ್ಲೋ ಒಂದು ಬೋಲ್ಟಿನ ಕೆಳಗೆ ತುಕ್ಕು ಕೂತು 0.01 ಓಮ್ ತಡೆ ಬಂತು ಅಂತಿಟ್ಟುಕೊಳ್ಳಿ. 150 ಆಂಪಿಯರ್ ಹರಿದರೆ ಅಲ್ಲೇ 1.5 ವೋಲ್ಟ್ ಹೋಯಿತು. ಮೀಟರನ್ನು ಓಮ್‌ಗೆ ಇಟ್ಟು ಅಳೆದರೆ ಈ 0.01 ಕಾಣುವುದೇ ಇಲ್ಲ, ವೈರು ಸರಿ ಅಂತಲೇ ತೋರಿಸುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸಿಕ್ಕಿಬೀಳುತ್ತದೆ.

ಅಳೆಯುವುದು ಹೀಗೆ. ಎಂಜಿನ್ ಸ್ಟಾರ್ಟ್ ಆಗದಿರಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಮೀಟರ್ 20 ವೋಲ್ಟ್ ಡಿಸಿಗೆ ಇರಲಿ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಸೀಸದ ಮೊಳೆಯ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಕಡ್ಡಿ ಸೆಲ್ಫ್ ಮೋಟರಿನ ದೊಡ್ಡ ಬೋಲ್ಟಿನ ಮೇಲೆ. ಮನೆಯವರೊಬ್ಬರು ಕೀ ತಿರುಗಿಸಲಿ. ಸೆಲ್ಫ್ ತಿರುಗುವಾಗ ಮೀಟರಿನಲ್ಲಿ ಬರುವ ಅಂಕಿ ಅಂದರೆ ದಾರಿಯಲ್ಲಿ ಕಳೆದುಹೋದ ವೋಲ್ಟು. 0.5ರೊಳಗೆ ಇರಬೇಕು. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೊಳೆಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೆ. ಇಲ್ಲಿ 0.2 ದಾಟಿದರೆ ಅರ್ಥಿಂಗ್ ಸರಿಯಿಲ್ಲ.

ಒಂದು ಎಚ್ಚರಿಕೆ. ಸೆಲ್ಫ್ ತಿರುಗದೆ ಬರೀ 'ಟಕ್' ಅನ್ನುತ್ತಿರುವಾಗ ಆ ದೊಡ್ಡ ವೈರಿನಲ್ಲಿ ದೊಡ್ಡ ಕರೆಂಟು ಹರಿಯುತ್ತಿರುವುದಿಲ್ಲ. ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಅದನ್ನು ನೋಡಿ ವೈರು ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ. ಅಂಥ ಹೊತ್ತಿನಲ್ಲಿ ನೋಡಬೇಕಾದ್ದು ಚಿಕ್ಕ ವೈರನ್ನು, ಅದಕ್ಕೆ ಈಗ ಬರುತ್ತೇನೆ.

ಅರ್ಥಿಂಗ್ ಬಗ್ಗೆ ಇನ್ನೆರಡು ಮಾತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಎಂಜಿನ್ನಿನಿಂದ ಬಾಡಿಗೆ ಜಡೆಯ ಹಾಗೆ ಹೆಣೆದ ಒಂದು ತಾಮ್ರದ ಪಟ್ಟಿ ಇರುತ್ತದೆ. ಇಪ್ಪತ್ತೈದು ವರ್ಷ ಎಣ್ಣೆ, ನೀರು, ಅಲುಗಾಟ ತಿಂದು ಅದರ ಎಳೆಗಳು ಒಂದೊಂದೇ ಕಡಿದಿರುತ್ತವೆ. ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಇದಕ್ಕೊಂದು ಗುರುತಿದೆ: ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. ಪಟ್ಟಿ ಕಡಿದಿರುವುದರಿಂದ ಕರೆಂಟು ಆ ಕೇಬಲ್ ಹಿಡಿದು ವಾಪಸ್ ಹೋಗುತ್ತಿರುತ್ತದೆ. ಅನುಮಾನ ಬಂದರೆ ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ತಕ್ಷಣ ಜೋರಾಗಿ ತಿರುಗಿದರೆ ಉತ್ತರ ಸಿಕ್ಕಿತು.

ನನ್ನ ಗಾಡಿಯ 'ಟಕ್'

ಸೊಲಿನಾಯ್ಡ್ ಅಂದರೆ ಸೆಲ್ಫ್ ಮೋಟರಿನ ಬೆನ್ನ ಮೇಲೆ ಕೂತಿರುವ ಚಿಕ್ಕ ಉರುಳೆ. ಕೀಯಿಂದ ಒಂದು ಸಣ್ಣ ವೈರು ಅದಕ್ಕೆ ಬರುತ್ತದೆ. ಆ ವೈರಿಗೆ ಕರೆಂಟ್ ಬಂದಾಗ ಒಳಗಿನ ಸುರುಳಿ ಒಂದು ಕಬ್ಬಿಣದ ತುಂಡನ್ನು ಎಳೆಯುತ್ತದೆ. ಅದು ಹಲ್ಲಿನ ಚಕ್ರವನ್ನು ಮುಂದಕ್ಕೆ ತಳ್ಳಿ, ದೊಡ್ಡ ಕರೆಂಟಿನ ದಾರಿಯನ್ನೂ ತೆರೆಯುತ್ತದೆ. ಅರ್ಧ ಎಳೆದು ನಿಂತರೆ 'ಟಕ್' ಅಷ್ಟೇ.

ನಮ್ಮ ಬಡಾವಣೆಯಲ್ಲೊಬ್ಬರು ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅವರಿಗೆ ನನ್ನ ನೋಟ್‌ಬುಕ್ ತೋರಿಸಿದಾಗ ಎರಡು ನಿಮಿಷ ಓದಿ, "ಸಾರ್, ಆ ಸಣ್ಣ ವೈರಿಗೆ ಒಂದು ಉದ್ದದ ವೈರ್ ಕಟ್ಟಿ ಮೀಟರನ್ನ ಸೀಟ್ ಹತ್ರ ತಂದಿಟ್ಕೊಳ್ಳಿ. ಮುಂದಿನ ಸಲ ಹಿಂಗಾದಾಗ ಎಷ್ಟು ವೋಲ್ಟ್ ಬರ್ತದೆ ನೋಡಿ, ನಂಗೆ ಫೋನ್ ಮಾಡಿ," ಅಂದರು. ಸೊಲಿನಾಯ್ಡ್ ತುದಿಯಿಂದ ಬೆರಳುದ್ದ ದೂರದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ, ಎಕ್ಸಾಸ್ಟ್‌ಗೆ ತಾಗದ ಹಾಗೆ ವೈರನ್ನು ಒಳಕ್ಕೆ ತಂದುಕೊಟ್ಟರು.

ಅದಾಗಿ ಹನ್ನೊಂದನೇ ದಿನ ಚಾಮುಂಡಿ ಬೆಟ್ಟ ಹತ್ತಿಸಿ, ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದೆ. 'ಟಕ್'. ಮೀಟರಿನಲ್ಲಿ 7.6. ಬ್ಯಾಟರಿಯಲ್ಲಿ ಆಗ 12ಕ್ಕಿಂತ ಜಾಸ್ತಿಯೇ ಇತ್ತು. ಕೀ ಹಿಡಿದೇ ಇದ್ದೆ, ಕಣ್ಣು ಆ ಅಂಕಿಯ ಮೇಲೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ತೊಂದರೆಯನ್ನು ಕಣ್ಣಾರೆ ನೋಡಿದ್ದೆ. ನಾಲ್ಕು ವೋಲ್ಟಿಗೂ ಹೆಚ್ಚು ಬ್ಯಾಟರಿ ಮತ್ತು ಸೊಲಿನಾಯ್ಡ್ ನಡುವೆ ಎಲ್ಲೋ ಕಾಣೆಯಾಗುತ್ತಿತ್ತು.

ಬಿಸಿಗೂ ಇದಕ್ಕೂ ಏನು ನಂಟು ಅಂದರೆ, ತಾಮ್ರ ಕಾದಂತೆ ಅದರ ತಡೆ ಹೆಚ್ಚುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡಾ 0.39ರಷ್ಟು. 20 ಡಿಗ್ರಿಯಲ್ಲಿದ್ದ ಸುರುಳಿ 90ಕ್ಕೆ ಹೋದರೆ ತಡೆ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ. ಅದರಿಂದ ಕರೆಂಟು ಕಡಿಮೆಯಾಗಿ ಎಳೆಯುವ ಶಕ್ತಿ ಕುಗ್ಗುತ್ತದೆ. ತಣ್ಣಗಿದ್ದಾಗ ಕಡಿಮೆ ವೋಲ್ಟಿನಲ್ಲೂ ಹೇಗೋ ಕೆಲಸ ಮಾಡುತ್ತಿದ್ದ ಸೊಲಿನಾಯ್ಡ್, ಬಿಸಿಯಾದಾಗ ಸೋಲುತ್ತದೆ. ಸುರುಳಿಯಲ್ಲಿ ತಪ್ಪಿಲ್ಲ. ಅದಕ್ಕೆ ಸಾಕಷ್ಟು ಕರೆಂಟು ಬರುತ್ತಿಲ್ಲ, ಅಷ್ಟೇ.

ಆಮೇಲೆ ತುಂಡು ತುಂಡಾಗಿ ಅಳೆದೆವು. ಕೀ ಸ್ವಿಚ್ಚಿನ ಒಳಗೆ ಹೋಗುವ ವೈರಿಗೂ ಹೊರಬರುವ ವೈರಿಗೂ ನಡುವೆಯೇ 2 ವೋಲ್ಟಿಗೂ ಜಾಸ್ತಿ ನಷ್ಟ. ಉಳಿದದ್ದು ಒಂದು ಕಪ್ಪಾದ ಕನೆಕ್ಟರಿನಲ್ಲಿ. ಅದನ್ನು ಬದಲಿಸಿ, ಒಂದು ರಿಲೇ ಸೇರಿಸಿದೆವು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸ್ ಮೂಲಕ ದಪ್ಪ ವೈರು. 87ನೇ ಕಾಲಿನಿಂದ ಸೊಲಿನಾಯ್ಡ್‌ಗೆ. 86ಕ್ಕೆ ಕೀಯಿಂದ ಬರುತ್ತಿದ್ದ ಹಳೇ ವೈರು, 85 ಅರ್ಥ್‌ಗೆ. ಈಗ ಕೀ ಸ್ವಿಚ್ ಹೊರಬೇಕಾದ್ದು ರಿಲೇಯ ಚಿಕ್ಕ ಕರೆಂಟನ್ನು ಮಾತ್ರ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಇಲ್ಲಿ ಕಾಣೆಯಾಗಿರುವುದು ಪೆಟ್ರೋಲಾ, ಕಿಡಿಯಾ ಅನ್ನುವುದು ಪ್ರಶ್ನೆ. ಅದಕ್ಕೂ ಮೊದಲು ಇಮ್ಮೊಬಿಲೈಸರ್ (ಸರಿಯಾದ ಕೀ ಅಲ್ಲದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಮಿನುಗುತ್ತಿದೆಯಾ ನೋಡಿ, ಇದ್ದರೆ ಇನ್ನೊಂದು ಕೀ ಹಾಕಿ ನೋಡಿ.

ಇಂಜೆಕ್ಷನ್ ಗಾಡಿಯಾದರೆ ಸುತ್ತ ಸದ್ದಿಲ್ಲದ ಹಾಗೆ ನೋಡಿಕೊಂಡು ಕೀಯನ್ನು ಆನ್‌ಗೆ ಮಾತ್ರ ತನ್ನಿ. ಬಹಳಷ್ಟು ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ 'ಝೂಂ' ಅಂತ ಪಂಪ್ ಓಡಿ ನಿಲ್ಲುವ ಸದ್ದು ಬರುತ್ತದೆ. ಗಾಡಿ ಸರಿಯಿರುವಾಗಲೇ ಈ ಸದ್ದನ್ನು ದಿನಾ ಕೇಳಿ ರೂಢಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅದು ಬಾರದೆ ಹೋದ ದಿನ ನಿಮಗೆ ಗೊತ್ತಾಗುವುದಿಲ್ಲ.

ಇನ್ನೊಂದು ಸುಲಭದ ಗುರುತು ಆರ್‌ಪಿಎಂ ಮುಳ್ಳು. ಸೆಲ್ಫ್ ತಿರುಗುವಾಗ ಅನೇಕ ಗಾಡಿಗಳಲ್ಲಿ ಅದು ಸೊನ್ನೆಯಿಂದ ಸ್ವಲ್ಪ ಏಳುತ್ತದೆ. ನಿಮ್ಮ ಗಾಡಿಯಲ್ಲಿ ಏಳುವುದು ರೂಢಿಯಾಗಿದ್ದು, ತೊಂದರೆ ಬಂದಾಗ ಮಾತ್ರ ಸತ್ತ ಹಾಗೆ ಬಿದ್ದಿದ್ದರೆ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಡೆಲ್ಕೋ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಪಿಕಪ್ ಮೇಲೆ ಅನುಮಾನ ಪಡಿ. ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಒಳಗಿನ ಕೂದಲೆಳೆ ತಂತಿ ಬಿಟ್ಟುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುವುದು ತೀರಾ ಸಾಮಾನ್ಯ. ಒದ್ದೆ ಬಟ್ಟೆ ಹಿಂಡಿ ಅದರ ಮೇಲೆ ಐದು ನಿಮಿಷ ಇಡಿ. ತಕ್ಷಣ ಸ್ಟಾರ್ಟ್ ಆದರೆ ಬಹುತೇಕ ಅದೇ.

ಕಿಡಿ ನೋಡಲು ಹಳೇ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹವನ್ನು ಎಂಜಿನ್ನಿಗೆ ಕ್ಲಿಪ್ ಹಾಕಿ ಭದ್ರ ಮಾಡಿ, ಪಂಪ್ ಫ್ಯೂಸ್ ತೆಗೆದು ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ. ವೈರನ್ನು ಗಾಳಿಯಲ್ಲಿ ಬಿಟ್ಟು ಕಿಡಿ ಹಾರಿಸುವುದೂ ಬೇಡ, ಕಿಡಿ ಹುಟ್ಟಿಸುವ ಕಾಯಿಲ್ ಮತ್ತು ಇಗ್ನಿಷನ್ ಮಾಡ್ಯೂಲ್ ಸುಟ್ಟು ಹೋಗಬಹುದು. ನೀಲಿ ಬಣ್ಣದ, 'ಚಟ್ ಚಟ್' ಅನ್ನುವ ಕಿಡಿ ಒಳ್ಳೆಯದು. ಹಳದಿ ಕೆಂಪು ಬಣ್ಣದ ಬಡಕಲು ಕಿಡಿ ಸಾಲದು.

ಮಂಡ್ಯದ ನನ್ನ ಗೆಳೆಯನ ಕಾರಿನ ಕತೆ ಇಲ್ಲಿ ಹೇಳಬೇಕು. ಫೋನಿನಲ್ಲಿ ಅವನು ಹೇಳಿದ್ದು, "ಬಿಸ್ಲಲ್ ನಿಲ್ಸಿದ್ರೆ ಮಾತ್ರ ಹಿಂಗಾಯ್ತದೆ ಕಣಣ್ಣ. ಸೆಲ್ಫ್ ಗಿರ್ರ್ ಅಂತ ತಿರುಗ್ತದೆ, ಗಾಡಿ ಮಾತ್ರ ಹಿಡಿಯಕಿಲ್ಲ. ಗ್ಲಾಸ್ ಇಳ್ಸಿ ಹತ್ತು ನಿಮಿಷ ಬಿಟ್ರೆ ಸರೋಯ್ತದೆ." ಎಂಜಿನ್ ಬಿಸಿಯಲ್ಲ, ಕ್ಯಾಬಿನ್ ಬಿಸಿ! ಗ್ಲಾಸ್ ಇಳಿಸಿದರೆ ತಂಪಾಗುವುದು ಡ್ಯಾಶ್‌ಬೋರ್ಡ್. ಅದರ ಕೆಳಗೆ ಏನಿದೆ ನೋಡು ಅಂದೆ. ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವ ಮೇನ್ ರಿಲೇ ಅಲ್ಲೇ ಇತ್ತು.

ಅದನ್ನು ಬಿಚ್ಚಿ ಅವರ ಮನೆಯ ಊಟದ ಮೇಜಿನ ಮೇಲಿಟ್ಟು, ಪ್ಲಾಸ್ಟಿಕ್ ಮುಚ್ಚಳ ತೆಗೆದು, ತಿರುಗಿಸಿ ನೋಡಿದೆವು. ಬರಿಗಣ್ಣಿಗೆ ಎಲ್ಲ ಬೆಸುಗೆಯೂ ಬೆಳ್ಳಗೆ ಚೆನ್ನಾಗೇ ಕಂಡವು. ಅವರಪ್ಪ ಪೇಪರ್ ಓದುವ ಭೂತಗನ್ನಡಿ ತಂದುಕೊಟ್ಟರು. ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಒಂದು ದಪ್ಪ ಕಾಲಿನ ಸುತ್ತ, ಬೆಸುಗೆಯ ನಡುವೆ, ಕೂದಲಿಗಿಂತ ತೆಳ್ಳಗಿನ ಒಂದು ಕಪ್ಪು ಉಂಗುರ ಕಂಡಿತು. ಬೆರಳಿನಲ್ಲಿ ಕಾಲನ್ನು ಅಲುಗಿಸಿದರೆ ಬೆಸುಗೆ ಹಾಗೇ ಇತ್ತು, ಕಾಲು ಮಾತ್ರ ಕದಲುತ್ತಿತ್ತು. ಅಷ್ಟು ಸಣ್ಣ ಬಿರುಕು ಬಿಸಿಲಿಗೆ ಬಾಯಿ ಬಿಡುತ್ತಿತ್ತು, ತಂಪಿಗೆ ಮುಚ್ಚಿಕೊಳ್ಳುತ್ತಿತ್ತು. ಹಳೇ ಬೆಸುಗೆ ಪೂರ್ತಿ ತೆಗೆದು ಹೊಸದಾಗಿ ಹಾಕಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಆ ಕಾಲದ ಇಂಜೆಕ್ಷನ್ ಗಾಡಿಗಳಲ್ಲಿ ಇದು ಅಪರೂಪವಲ್ಲ. ಹಾಗಾಗಿ ಪಂಪ್ ಸದ್ದು ಬಾರದೆ ಇದ್ದಾಗ ಪಂಪಿಗೇ ದುಡ್ಡು ಸುರಿಯುವ ಮೊದಲು, ಪಂಪಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ದೀಪ ಹತ್ತದಿದ್ದರೆ ಫ್ಯೂಸ್, ರಿಲೇ, ವೈರು. ಕೀ ಆನ್ ಮಾಡಿದ ಎರಡು ಸೆಕೆಂಡಿನೊಳಗೆ ನೋಡಬೇಕು, ಅದನ್ನು ಮರೆಯಬೇಡಿ. ದೀಪ ಹತ್ತಿಯೂ ಪಂಪ್ ಓಡದಿದ್ದರೆ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿದರೆ ಪಂಪಿನ ಬ್ರಷ್ ಸವೆದಿದೆ, ಆಗ ಪಂಪ್ ಬದಲಿಸಿ.

ಮಳೆಗಾಲದಲ್ಲಿ ಮಾತ್ರ ಕಾಡುವ ಗಾಡಿಯಾದರೆ ಡೆಲ್ಕೋ ಮುಚ್ಚಳ, ಪ್ಲಗ್ ವೈರುಗಳನ್ನು ನೋಡಿ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುವಾಗ ದೂರದಿಂದ ಸ್ಪ್ರೇ ಬಾಟಲಿನಲ್ಲಿ ಸಣ್ಣಗೆ ನೀರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಡೆಲ್ಕೋ ಒಳಗೆ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಬರಿಸುವ ಸಂಪರ್ಕ) ಇರುವ ಇನ್ನೂ ಹಳೇ ಗಾಡಿಯವರಿಗೆ ಮೈಸೂರಿನಲ್ಲಿ ಒಂದು ಅನುಕೂಲವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿದ ಊರು ಇದು. ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಹಾಕಿ ಗ್ಯಾಪ್ ಕೂರಿಸುವ ಹಿರಿಯ ಕೈಗಳು ಇಲ್ಲಿ ಇನ್ನೂ ಸಿಗುತ್ತವೆ. ಅವರಿಂದ ಕಲಿಯಿರಿ. ಕಾರುಗಳಲ್ಲಿ ಗ್ಯಾಪ್ ಸಾಮಾನ್ಯವಾಗಿ 0.4 ಮಿಲಿಮೀಟರ್ ಆಸುಪಾಸು, ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುವುದೇ ಕೊನೆ ಮಾತು. ಇಂಥ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಎಂಜಿನ್ ಹಿಡಿದು, ಕೀ ಬಿಟ್ಟ ತಕ್ಷಣ ಆರಿಹೋದರೆ, ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಅಥವಾ ಕೀ ಸ್ವಿಚ್ಚಿನ ಆನ್ ಸಂಪರ್ಕ ಹೋಗಿದೆ ಅಂತಲೇ ಹಿಡಿಯಬಹುದು. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಬೇರೆ ದಾರಿಯಲ್ಲಿ ಕರೆಂಟ್ ಬರುತ್ತದೆ, ಅದಕ್ಕೇ ಆ ಕ್ಷಣ ಮಾತ್ರ ಬದುಕುತ್ತದೆ.

ಪೆಟ್ರೋಲ್ ಕಡೆಯ ತೊಂದರೆ

ರಾತ್ರಿ ನಿಂತು ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಹಿಡಿಯುತ್ತದೆಯಾ? ಮೂರು ಸಲ ಕೀಯನ್ನು ಆನ್‌ಗೆ ತಂದು, ಪಂಪ್ ಓಡಲು ಬಿಟ್ಟು, ಆಫ್ ಮಾಡಿ. ನಾಲ್ಕನೇ ಸಲ ಸೆಲ್ಫ್ ಹೊಡೆಯಿರಿ. ತಟ್ಟನೆ ಹಿಡಿದರೆ ಪೈಪಿನಲ್ಲಿ ಉಳಿಯಬೇಕಿದ್ದ ಒತ್ತಡ ರಾತ್ರಿ ಸೋರಿಹೋಗುತ್ತಿದೆ ಅಂತ. ಪಂಪಿನ ಒಳಗಿನ ವಾಲ್ವ್, ಪ್ರೆಷರ್ ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕಾರಣ. ಗೇಜ್ ಹಾಕಿ ಅಳೆಸಿ. ಬಹುತೇಕ ಇಂಜೆಕ್ಷನ್ ಗಾಡಿಗಳಲ್ಲಿ ಒತ್ತಡ 2.5ರಿಂದ 3 ಬಾರ್ ಇರುತ್ತದೆ.

ಬಿಸಿಯಲ್ಲಿ ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಗಮ್ಮೆಂದರೆ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಉಸಿರುಗಟ್ಟಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಎಂಜಿನ್ ಕಂಪ್ಯೂಟರಿಗೆ ಬಿಸಿ ತಿಳಿಸುವ ಕೂಲೆಂಟ್ ಸೆನ್ಸರನ್ನೂ ಆಮೇಲೆ ಅಳೆಯಿರಿ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2ರಿಂದ 3 ಸಾವಿರ ಓಮ್, 80 ಡಿಗ್ರಿ ದಾಟಿದಾಗ ಕೆಲವು ನೂರು ಓಮ್. ಬಿಸಿ ಎಂಜಿನ್ನಿನಲ್ಲೂ ಸಾವಿರಗಳಲ್ಲೇ ನಿಂತಿದ್ದರೆ ಕಂಪ್ಯೂಟರ್ ಎಂಜಿನ್ ತಣ್ಣಗಿದೆ ಅಂತ ನಂಬಿ ಪೆಟ್ರೋಲ್ ಸುರಿಯುತ್ತಿರುತ್ತದೆ.

ಕಾರ್ಬುರೇಟರ್ ಗಾಡಿಯಲ್ಲಿ ಪೈಪಿನೊಳಗಿನ ಪೆಟ್ರೋಲ್ ಕಾದು ಆವಿಯಾಗಿ ದಾರಿ ಕಟ್ಟುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಬಿಟ್ಟುಕೊಳ್ಳುತ್ತದೆ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸುವುದೇ ಕಾಯಂ ಪರಿಹಾರ.

ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಮಂಡ್ಯ ಸೀಮೆಯವರಿಗೆ ಎಥನಾಲ್ ಹೊಸದಲ್ಲ, ಕಬ್ಬಿನ ಕಾಕಂಬಿಯಿಂದ ಬರುವುದೂ ಅದೇ. ಆದರೆ ಮೂವತ್ತು ವರ್ಷದ ಹಿಂದಿನ ರಬ್ಬರ್ ಪೈಪುಗಳನ್ನು ಅದನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಪೈಪು ಮೆತ್ತಗಾಗುತ್ತದೆ, ಬಿರಿಯುತ್ತದೆ, ಒಳಗಿನಿಂದ ಕಪ್ಪು ಚೂರು ಉದುರಿ ಫಿಲ್ಟರ್ ಕಟ್ಟುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಒಳ್ಳೆಯದಲ್ಲ. ಎಥನಾಲ್ ತಡೆಯುವ ಪೈಪು ಅಂತ ಕೇಳಿ ತಂದು ಎಲ್ಲವನ್ನೂ ಒಟ್ಟಿಗೇ ಬದಲಿಸಿ. ತೊಂದರೆ ಹುಡುಕುವ ನೆಪದಲ್ಲಲ್ಲದಿದ್ದರೂ, ಬೆಂಕಿಯ ಭಯಕ್ಕಾದರೂ ಇದನ್ನು ಮಾಡಲೇಬೇಕು.

ವಾರ ನಿಂತರೆ ಬ್ಯಾಟರಿ ಇಳಿಯುವ ಗಾಡಿ

ಸ್ಪೋರ್ಟ್ಸ್ ಕಾರನ್ನು ನಾವು ಭಾನುವಾರಕ್ಕೆ ಮಾತ್ರ ತೆಗೆಯುತ್ತೇವೆ, ಅಲ್ವಾ? ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಬ್ಯಾಟರಿ ಮೈನಸ್ ಮೊಳೆಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ. 0.05 ಆಂಪಿಯರ್‌ವರೆಗೆ ಸರಿ. 0.3 ಇದ್ದರೆ ದಿನಕ್ಕೆ 7.2 ಆಂಪಿಯರ್ ಗಂಟೆ ಸೋರಿಹೋಗುತ್ತದೆ, 40 ಆಂಪಿಯರ್ ಗಂಟೆಯ ಬ್ಯಾಟರಿ ಐದಾರು ದಿನಕ್ಕೆ ಖಾಲಿ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಅಂಕಿ ಬಿದ್ದ ಕಡೆ ತಪ್ಪಿದೆ. ಹಿಂದಿನ ಮಾಲೀಕರು ಹಾಕಿಸಿದ ಸ್ಟೀರಿಯೋ, ಅಲಾರಂಗಳನ್ನು ಮೊದಲು ನೋಡಿ. ಮೀಟರ್ ಹೀಗೆ ಸೇರಿಸಿರುವಾಗ ಕೀ ಮಾತ್ರ ತಿರುಗಿಸಬೇಡಿ, ಮೀಟರ್ ಹಾಳಾಗುತ್ತದೆ.

ತೊಂದರೆಯನ್ನು ಬರಿಸುವುದು

ಕಾಯುತ್ತಾ ಕೂರಲು ಪುರುಸೊತ್ತಿಲ್ಲದಿದ್ದರೆ ನೀವೇ ತೊಂದರೆ ಬರಿಸಿ. ಬಿಸಿಯ ತೊಂದರೆಗೆ ಗಾಡಿಯನ್ನು ಬೆಟ್ಟ ಹತ್ತಿಸಿ, ಬಾನೆಟ್ ಮುಚ್ಚಿಯೇ ಹತ್ತು ಹದಿನೈದು ನಿಮಿಷ ಬಿಡಿ. ರಿಲೇ, ಇಗ್ನಿಷನ್ ಮಾಡ್ಯೂಲ್ ಮೇಲೆ ಅನುಮಾನವಿದ್ದರೆ ಎಂಜಿನ್ ಓಡುವಾಗ ಕೂದಲು ಒಣಗಿಸುವ ಡ್ರೈಯರ್‌ನಿಂದ ಒಂದೊಂದನ್ನೇ ಕಾಯಿಸಿ, ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಬೇಡ. ಅಲುಗಾಟದ ತೊಂದರೆಗೆ ಕನೆಕ್ಟರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲ್ಲಾಡಿಸಿ. ಒಂದು ಸಲಕ್ಕೆ ಒಂದೇ ಕೆಲಸ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ರಿಪೇರಿ ಆದ ಮೇಲೆ ಯಾವ ಸ್ಥಿತಿಯಲ್ಲಿ ತೊಂದರೆ ಬರುತ್ತಿತ್ತೋ ಅದೇ ಸ್ಥಿತಿಯಲ್ಲಿ ಕಡೇಪಕ್ಷ ಐದಾರು ಸಲ ಸ್ಟಾರ್ಟ್ ಮಾಡಿ ನೋಡಿ, ಅಂಕಿಗಳನ್ನು ಮತ್ತೆ ಬರೆದುಕೊಳ್ಳಿ. ರಿಲೇ ಹಾಕಿದ ಮೇಲೆ ಅದೇ ಬೆಟ್ಟದ ಮೇಲೆ, ಅದೇ ಇಪ್ಪತ್ತು ನಿಮಿಷ ಬಿಟ್ಟು ಅಳೆದಾಗ ಕೀ ತಿರುಗಿಸಿದ ಕ್ಷಣ ಸಣ್ಣ ವೈರಿನಲ್ಲಿ 11.3 ಇತ್ತು, ಎಂಜಿನ್ ಒಂದೇ ಸುತ್ತಿಗೆ ಹಿಡಿಯಿತು. ಆಮೇಲೆ ಅಳತೆಯ ವೈರನ್ನು ತೆಗೆಸಿಬಿಟ್ಟೆ. ಹೊಸದಾಗಿ ಸೇರಿಸಿದ ರಿಲೇ ಎಲ್ಲಿದೆ, ಫ್ಯೂಸ್ ಎಲ್ಲಿದೆ, ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆ ಅನ್ನುವ ಚಿತ್ರ ಬರೆದು ಗ್ಲವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ನೀವೂ ಇಡಿ, ಮುಂದೆ ಆ ಬಾನೆಟ್ ಎತ್ತುವವರು ಅದನ್ನು ನೋಡಿಯೇ ಶುರು ಮಾಡಬೇಕಾಗುತ್ತದೆ.